ಲಗ್ನಪತ್ರಿಕೆಯಲ್ಲಿ ಇಲ್ಲದ ಹೆಸರು

ಆಫೀಸಿನ ಕೆಲಸದ ಮೇಲೆ ಇಸ್ತಾಂಬುಲ್‌ಗೆ ಹೋಗಿದ್ದಾಗ, ಒಂದು ರಜೆಯ ದಿನ ಬಸ್ ಹತ್ತಿ ಎಡಿರ್ನೆಗೆ ಹೋದೆ. "ಅಲ್ಲೇನಿದೆ?" ಅಂದ್ರು ಜೊತೆಗಿದ್ದವರು. 1453ರಲ್ಲಿ ಇಸ್ತಾಂಬುಲ್ ಗೆಲ್ಲುವ ಮುಂಚೆ ಆಟೊಮನ್ನರ ರಾಜಧಾನಿ ಅದೇ ಊರು. ವಾಸ್ತುಶಿಲ್ಪಿ ಸಿನಾನ್ ಇಳಿವಯಸ್ಸಿನಲ್ಲಿ ಕಟ್ಟಿದ ಸೆಲಿಮಿಯೆ ಮಸೀದಿ ಅಲ್ಲಿದೆ. ತನ್ನ ಕೆಲಸಗಳಲ್ಲೆಲ್ಲ ಅದೇ ಮೇಲು ಅಂತ ಅವನೇ ಎಣಿಸಿದ್ದ. 2011ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಆದರೂ ನಾನು ನೋಡಿದ ಯಾವ ಟೂರ್ ಪ್ಯಾಕೇಜಿನಲ್ಲೂ ಎಡಿರ್ನೆಯ ಹೆಸರಿರಲಿಲ್ಲ. ಇಂಥ ಊರಿಗೆ ಇನ್ನಷ್ಟು ಮನ್ನಣೆ ಸಿಗಬೇಕು ಅಂತ ಫೇಸ್‌ಬುಕ್‌ನಲ್ಲಿ ಬರೆದೂಬಿಟ್ಟೆ.

ಮಧ್ಯಾಹ್ನ ತುಂಜಾ ನದಿಯಾಚೆಗಿನ ಹಳೇ ಆಸ್ಪತ್ರೆಗೆ ಹೋದೆ. ಸುಲ್ತಾನ ಎರಡನೇ ಬಾಯಜಿದ್ ಕಟ್ಟಿಸಿದ್ದು, 1488ರಲ್ಲಿ ಮುಗಿದದ್ದು. ಬುದ್ಧಿ ಸ್ಥಿಮಿತ ತಪ್ಪಿದವರಿಗೂ ಅಲ್ಲಿ ಚಿಕಿತ್ಸೆ ಇತ್ತು. ಗುಮ್ಮಟದ ಹಜಾರ, ಮಧ್ಯೆ ಕಾರಂಜಿ, ಸುತ್ತ ಕೋಣೆಗಳು. ವಾರಕ್ಕೆ ಮೂರು ಸಲ ವಾದ್ಯಗಾರರು ರೋಗಿಗಳಿಗಾಗಿ ನುಡಿಸುತ್ತಿದ್ದರು ಅಂತ 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿದ್ದಾನೆ. ಈಗ ಅದು ಮ್ಯೂಸಿಯಂ.

ಅಲ್ಲಿ ನಿಂತಾಗ ಚಿಕ್ಕಪ್ಪ ನೆನಪಾದರು.

ನಮ್ಮೂರ ಮನೆಯ ಹಿತ್ತಲ ಕೋಣೆಯಲ್ಲಿ ಅವರಿದ್ದರು. ನೆಂಟರು ಬಂದರೆ ಹೊರಗಿನಿಂದ ಚಿಲಕ. ಮನೆಯವರು ಕಟುಕರಲ್ಲ. ಅತ್ತೆಯ ಮದುವೆ ಮುರಿದೀತು ಅನ್ನೋ ಹೆದರಿಕೆ, ಅಷ್ಟೆ. ಅಜ್ಜಿ ಮಾತ್ರ ರೇಡಿಯೋ ತಂದು ಆ ಕೋಣೆಯ ಕಿಟಕಿಯಲ್ಲಿ ಇಡೋಳು. "ಹಾಡು ಬಂದ್ರೆ ಸಮಾಧಾನವಾಗಿರ್ತಾನೆ ಕಣೋ" ಅನ್ನೋಳು. ಸುಲ್ತಾನನ ಖಜಾನೆ ಅವಳ ಹತ್ತಿರ ಇರಲಿಲ್ಲ, ನಿಜ. ಆದರೆ ಆ ಮನುಷ್ಯನಿಗೆ ಏನು ಬೇಕು ಅಂತ ನೋಡೋ ಕಣ್ಣು ಇತ್ತು.

ಓದಿ ಇಂಜಿನಿಯರ್ ಆದ ನಾನೇನು ಮಾಡಿದೆ? ನನ್ನ ಮದುವೆಯ ಲಗ್ನಪತ್ರಿಕೆಯ ಕರಡು ತಿದ್ದಿದ್ದು ನಾನೇ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರಿರಲಿಲ್ಲ. ಕಣ್ಣಿಗೆ ಬಿತ್ತು. ಸೇರಿಸಲಿಲ್ಲ. ಒಂದು ಕಾಗುಣಿತದ ತಪ್ಪು ಸರಿಮಾಡಿ ಪ್ರೆಸ್ಸಿಗೆ ಕಳಿಸಿದೆ. ಆಗ ಅವರು ಬದುಕಿದ್ದರು.

ದೂರದ ಊರಿಗೆ ಮನ್ನಣೆ ಕೇಳೋದು ಸುಲಭ, ನಮ್ಮ ಕೈಯಿಂದ ಏನೂ ಹೋಗಲ್ಲ. ಮನೆಯೊಳಗಿನವರನ್ನು ನಾಲ್ಕು ಜನರ ಮುಂದೆ "ಇವರು ನಮ್ಮವರು" ಅನ್ನೋದಕ್ಕೆ ಬೆಲೆ ತೆರಬೇಕಾಗುತ್ತೆ. ಎಡಿರ್ನೆಯವರು ಆ ಕೋಣೆಗಳನ್ನು ಮುಚ್ಚಿಡದೆ ಬಾಗಿಲು ತೆರೆದು ತೋರಿಸುತ್ತಾರೆ. ನನಗೆ ಆ ಊರು ದೊಡ್ಡದಾಗಿ ಕಂಡಿದ್ದು ಅಲ್ಲಿ.

ವಾಪಸ್ ಬಂದ ಮೇಲೆ ಮಗಳಿಗೆ ಫೋಟೊ ತೋರಿಸುತ್ತಾ, "ನಿಂಗೆ ಇನ್ನೊಬ್ಬರು ಅಜ್ಜ ಇದ್ರು" ಅಂದೆ.

"ಎಲ್ಲಿದ್ರು?" ಅಂತ ಕೇಳಿದಳು.