ಕುದುರೆಯ ತಲೆಯ ಮೇಲಿನ ಬಟ್ಟೆ

ನನ್ನ ಅಕ್ಕನ ಮಗ ಬೆಂಗಳೂರಿನ ಹೊರಗೆ ಕುದುರೆ ಸವಾರಿ ಕಲಿಸುವ ಶಾಲೆ ತೆಗೆಯುವ ಸಾಹಸಕ್ಕಿಳಿದಿದ್ದಾನೆ. ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದಂದಿನಿಂದ ಅವನಿಗೆ ಇದೇ ಹುಚ್ಚು. ದೀಪಾವಳಿಗೆ ಯಲವಿಗಿಗೆ ಬಂದವನು ಊಟವಾದ ಮೇಲೆ ನನ್ನ ಮುಂದೆ ಎರಡು ಚಿತ್ರ ಹರವಿದ. ಒಂದು ತಗಡಿನ ಶೆಡ್ಡು. ಇನ್ನೊಂದು ಬಟ್ಟೆಯ ಕಟ್ಟಡ. ಉಕ್ಕಿನ ಕಮಾನುಗಳ ಮೇಲೆ ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರಂತೆ. ಒಳಗೆ 20 ಮೀಟರ್ ಅಗಲ, 60 ಮೀಟರ್ ಉದ್ದದ ಅಂಗಳ. ನಡುವೆ ಒಂದೂ ಕಂಬವಿಲ್ಲ.

"ಚಿಗವ್ವಾ, ಯಾವುದು ಛಲೋ?"

"ಬಟ್ಟೀದಂದ್ರ ತಾಡಪತ್ರಿ ಹಂದರ ಏನೋ?" ಅಂದೆ. ನಕ್ಕ.

ನಗಬೇಕಾದದ್ದೇ. ಜೆಡ್ಡಾದ ಹಜ್ ಟರ್ಮಿನಲ್ಲಿನ ಬಿಳಿ ಡೇರೆಗಳ ಸುದ್ದಿಯನ್ನು ಸವಣೂರಿನ ಯಾತ್ರಿಕರ ಬಾಯಿಂದ ನಾನೇ ಕೇಳಿದ್ದೆ. 1981ರಲ್ಲಿ ತೆರೆದ ಅದರ ಮಾಡು ಗಾಜಿನ ನಾರಿನ ಬಟ್ಟೆಯ 210 ಡೇರೆಗಳದು. ಬಟ್ಟೆಯೆಂದರೆ ನಾಲ್ಕು ದಿನದ್ದು ಎಂಬ ನನ್ನ ತಿಳಿವಳಿಕೆ ಹಳೆಯದಾಗಿತ್ತು.

ಹುಡುಗನ ಲೆಕ್ಕವೂ ಸರಿಯಾಗಿತ್ತು. ತಗಡು ಕಾದು ಕೆಳಗಿದ್ದವರನ್ನು ಬೇಯಿಸುತ್ತದೆ, ಮಳೆಗೆ ಡೋಲು ಬಾರಿಸುತ್ತದೆ. ಬಿಳಿ ಬಟ್ಟೆ ಬಿಸಿಲಿನ ಹೆಚ್ಚು ಪಾಲನ್ನು ಹಿಂದಕ್ಕೆ ಕಳಿಸಿ ತಂಪು ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. ಆದರೆ ಸಡಿಲಾದರೆ ಗಾಳಿಗೆ ಪಟಪಟ ಬಡಿದು ಕುದುರೆ ಬೆದರುತ್ತದೆ. ಬದಿಗಳನ್ನು ಮುಚ್ಚಿದರೆ ಗಂಜಲದ ಘಾಟು ಒಳಗೇ ನಿಲ್ಲುತ್ತದೆ. ಪಾಪ, ಮೂಗಿನಿಂದಲ್ಲದೆ ಬಾಯಿಂದ ಉಸಿರಾಡಲು ಆ ಪ್ರಾಣಿಗೆ ಬರುವುದಿಲ್ಲ.

"ಇನ್ನ ಮಳಿ ಬಂದ್ರೂ, ಬಿಸಿಲು ಬಿದ್ರೂ ಕ್ಲಾಸು ನಿಲ್ಲಂಗಿಲ್ಲ ನೋಡ್ರಿ" ಎಂದು ಹುರುಪಿನಿಂದ ಹೇಳಿದ.

ಆ ಮಾತೇ ನನಗೆ ಚುಚ್ಚಿತು. ಮಳೆ, ಬಿಸಿಲು ಎರಡೂ ಕುದುರೆಯ ಸೂಟಿಗಳಾಗಿದ್ದವಲ್ಲ! ನಮ್ಮ ಮನೆಯಲ್ಲಿ ಒಳಕಲ್ಲು ಮೂಲೆ ಸೇರಿ ಮಿಕ್ಸರ್ ಬಂದಾಗ ನನ್ನ ರಟ್ಟೆಗೆ ಸುಖವಾಯಿತೆಂದು ಎಲ್ಲರೂ ಅಂದರು. ಮರುವಾರದಿಂದ ಊಟಕ್ಕೆ ಎರಡು ಬಗೆಯ ಚಟ್ನಿ ಬೇಕಾದವು. ದುಡಿಯುವವರಿಗೆ ಕೊಟ್ಟ ನೆರಳು ಅವರ ದಣಿವಿಗೋ, ನಮ್ಮ ಕೆಲಸ ನಿಲ್ಲಬಾರದೆಂದೋ? ಮಾಡನ್ನು ನೋಡಿದರೆ ಅದು ತಿಳಿಯುವುದಿಲ್ಲ, ವೇಳಾಪಟ್ಟಿ ನೋಡಬೇಕು.

ಚಿಕ್ಕಂದಿನಲ್ಲಿ ಯಲವಿಗಿ ಸ್ಟೇಷನ್ನಿನಿಂದ ಸವಣೂರಿಗೆ ಟಾಂಗಾದಲ್ಲಿ ಹೋದ ಒಂದು ಮಳೆಯ ಸಂಜೆ ನೆನಪಾಯಿತು. ಕ್ಯಾನ್ವಾಸ್ ಹೊದಿಕೆ ನಮ್ಮ ತಲೆಯ ಮೇಲಿತ್ತು. ಕುದುರೆಯ ಕಿವಿಯಿಂದ ನೀರು ಸುರಿಯುತ್ತಿತ್ತು. "ಜಲ್ದಿ ಹೊಡೀ ಅನ್ರಿ" ಎಂದು ಅಪ್ಪನನ್ನು ಪೀಡಿಸಿದವಳು ನಾನೇ. ಇಳಿದ ಮೇಲೆ ಟಾಂಗಾದವನು ತನ್ನ ತಲೆಯ ಗೋಣಿ ಕೊಪ್ಪೆ ತೆಗೆದು, ಹಿಂಡಿ, ಕುದುರೆಯ ಬೆನ್ನಿಗೆ ಹೊದಿಸಿದ. ಅದೂ ಒದ್ದೆಯೇ. ತಾನು ಬರಿತಲೆಯಲ್ಲಿ ನಿಂತು ಬೀಡಿ ಹಚ್ಚಲು ಒದ್ದಾಡುತ್ತಿದ್ದ.

"ಬಟ್ಟೀದನ್ನ ಹಾಕಿಸಪಾ, ಆದರ ಬದಿ ತೆರೆದಿರಲಿ" ಅಂದೆ. "ಮತ್ತ, ಕುದುರಿಗೆ ಸೂಟಿ ಯಾವಾಗ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಲೆಕ್ಕದ ಹಾಳೆ ತೆಗೆದು, ಕುದುರೆಗಳ ಸಾಲಿನಲ್ಲಿ ನಾಲ್ಕನ್ನು ಹೊಡೆದುಹಾಕಿ ಆರು ಎಂದು ಬರೆದ. ಸರದಿಯ ಮೇಲೆ ಬಿಡುವು ಕೊಡಬೇಕೆಂದರೆ ಅಷ್ಟು ಬೇಕಂತೆ. ಮೇವಿನ ಖರ್ಚು ಕೂಡಿಸುತ್ತ, ಚಿಗವ್ವನನ್ನು ಕೇಳಿದ್ದೇ ತಪ್ಪಾಯಿತೆಂದು ಗೊಣಗಿದ.