ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾರು?

ಸಿಗ್ನಲ್‌ನಲ್ಲಿ ಕೆಂಪು ದೀಪ ಇನ್ನೂ ಉರಿಯುತ್ತಿರುವಾಗಲೇ ಹಿಂದಿನಿಂದ ಹಾರ್ನ್ ಹೊಡೆಯುವವರು, ಮೆಟ್ರೊದಲ್ಲಿ ಇಯರ್‌ಫೋನ್ ಹಾಕಿಕೊಳ್ಳದೆ ರೀಲ್ಸ್ ನೋಡುವವರು, ಫುಟ್‌ಪಾತಿನ ಮೇಲೆ ಬೈಕ್ ಹತ್ತಿಸುವವರು, ಊಟಕ್ಕೆ ಕೂತ ಹೊತ್ತಿಗೇ ಸಾಲ ಬೇಕೇ ಎಂದು ಬರುವ ಫೋನು, ಗೇಟಿಗೆ ಅಡ್ಡವಾಗಿ ನಿಂತ ಯಾರದೋ ಕಾರು. ಇವು ಯಾವುವೂ ಜೀವನವನ್ನು ಹಾಳುಮಾಡುವಷ್ಟು ದೊಡ್ಡವಲ್ಲ. ಆದರೂ ನಗರದಲ್ಲಿ ಬದುಕುವವರ ಮನಸ್ಸು ದಿನನಿತ್ಯ ಕೆಡುವುದು ಹೆಚ್ಚಾಗಿ ಇಂಥವುಗಳಿಂದಲೇ. ಇದಕ್ಕೆ ಪರಿಹಾರ ಕೇಳಿದರೆ ಪ್ರವಚನಕಾರರು ಸಹಿಸಿಕೊಳ್ಳಿ ಎನ್ನುತ್ತಾರೆ. ಬೆಂಗಳೂರು ಅದನ್ನೇ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ಹೇಳುತ್ತದೆ. ಈ ಮಾತು ಸಾಮಾನ್ಯವಾಗಿ ಯಾರ ಬಾಯಿಂದ ಬರುತ್ತದೆ ಎಂಬುದನ್ನು ಮಾತ್ರ ನಾವು ಗಮನಿಸುವುದಿಲ್ಲ. ಕಾರನ್ನು ಅಡ್ಡ ನಿಲ್ಲಿಸಿದವರೇ, ಸರದಿ ತಪ್ಪಿಸಿ ಮುಂದೆ ಬಂದವರೇ ಅದನ್ನು ಹೇಳುವುದು. ಸಹನೆ ದೊಡ್ಡ ಗುಣ, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಇನ್ನೊಬ್ಬರಿಂದ ಕೇಳಿ ಪಡೆಯುವ ಹಕ್ಕು ಯಾರಿಗಾದರೂ ಇದೆಯೇ? ಇಲ್ಲ ಎಂಬುದು ನನ್ನ ವಾದ. ಸಹನೆ ಮನುಷ್ಯ ತನಗೆ ತಾನೇ ಹಾಕಿಕೊಳ್ಳಬಹುದಾದ ವ್ರತ. ತೊಂದರೆ ಕೊಡುವವರು ಅದನ್ನು ಉಪದೇಶಿಸಿದ ಕೂಡಲೇ ಅದು ದಬ್ಬಾಳಿಕೆಯ ಸಭ್ಯ ರೂಪವಾಗುತ್ತದೆ.

ಧರ್ಮಚಿಂತನೆ ಜನನ ಮರಣಗಳಂಥ ದೊಡ್ಡ ಸಂಗತಿಗಳಿಗಷ್ಟೇ ಮೀಸಲು, ಕಿರಿಕಿರಿಗಳ ಗೊಡವೆ ಅದಕ್ಕಿಲ್ಲ ಎಂದು ಮೊದಲಿಗೇ ಯಾರಾದರೂ ತಕರಾರು ತೆಗೆಯಬಹುದು. ನಮ್ಮ ಪರಂಪರೆಗಳು ಹಾಗೆ ಭಾವಿಸಿಲ್ಲ. ಜೈನರಲ್ಲಿ ಉಮಾಸ್ವಾತಿಯ ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯ ಮುನಿಯಾದವನು ಗೆಲ್ಲಬೇಕಾದ 22 ಪರೀಷಹಗಳನ್ನು, ಅಂದರೆ ತಾಳಿಕೊಳ್ಳಬೇಕಾದ ಕಷ್ಟಗಳನ್ನು, ಹೆಸರಿಸುತ್ತದೆ. ಹಸಿವು, ಬಾಯಾರಿಕೆ, ಚಳಿ, ಸೆಕೆಗಳ ಜೊತೆಗೆ ನೊಣ ಸೊಳ್ಳೆಗಳ ಕಡಿತ, ಹುಲ್ಲು ಚುಚ್ಚುವುದು, ಮೈಯ ಕೊಳೆ, ಇನ್ನೊಬ್ಬರ ಬೈಗುಳ, ಬೇಡಿದ್ದು ಸಿಗದಿರುವುದು ಇವೆಲ್ಲ ಅಲ್ಲಿವೆ. ಹೊಡೆತವೂ ಹುಲ್ಲಿನ ಚುಚ್ಚುವಿಕೆಯೂ ಒಂದೇ ಪಟ್ಟಿಯಲ್ಲಿ ಕೂತಿವೆ ಎಂಬುದನ್ನು ಗಮನಿಸಬೇಕು. ಬೌದ್ಧರಲ್ಲಿ ಶಾಂತಿದೇವ ಬೋಧಿಚರ್ಯಾವತಾರದ ಆರನೆಯ ಅಧ್ಯಾಯವನ್ನು ಪೂರ್ತಿಯಾಗಿ ಕ್ಷಾಂತಿಗೆ, ಅಂದರೆ ಸಹನೆಗೆ, ಮೀಸಲಿಟ್ಟು, ಸಣ್ಣ ನೋವುಗಳನ್ನು ತಾಳಿ ಅಭ್ಯಾಸವಾದರೆ ದೊಡ್ಡ ನೋವನ್ನೂ ತಾಳಲು ಸಾಧ್ಯ ಎಂದು ವಾದಿಸುತ್ತಾನೆ. ಏಳು ‘ಬೇಡ’ಗಳನ್ನು ಹೇಳುವ ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ಕಳವು, ಕೊಲೆ, ಸುಳ್ಳುಗಳ ಸಾಲಿನಲ್ಲೇ ಕೋಪವೂ, ಅನ್ಯರ ಬಗೆಗಿನ ಅಸಹ್ಯವೂ ಬರುತ್ತವೆ. ಕೊಲೆ ಮಾಡುವ ಸಂದರ್ಭ ಹೆಚ್ಚಿನವರಿಗೆ ಜೀವಮಾನದಲ್ಲೇ ಬರುವುದಿಲ್ಲ. ಸಿಡುಕುವ ಸಂದರ್ಭ ಗಂಟೆಗೊಮ್ಮೆ ಬರುತ್ತದೆ. ನಡತೆಯ ಪರೀಕ್ಷೆ ನಿಜವಾಗಿ ನಡೆಯುವುದು ಅಲ್ಲಿಯೇ. ದೊಡ್ಡ ಸಂಕಟವನ್ನು ತಾಳಿದವರಿಗೆ ಊರವರ ಮೆಚ್ಚುಗೆಯಾದರೂ ಸಿಗುತ್ತದೆ, ಹಾರ್ನಿಗೆ ಸಿಡುಕದೆ ಇದ್ದುದಕ್ಕೆ ಯಾರೂ ಹಾರ ಹಾಕುವುದಿಲ್ಲ.

ಹಾಗಾದರೆ ಅಡ್ಜಸ್ಟ್ ಮಾಡಿಕೊಳ್ಳಿ ಎಂಬ ಮಾತೇ ಸರಿಯಾಯಿತಲ್ಲ ಎನ್ನಬಹುದು. ಆಗಲಿಲ್ಲ. ತತ್ತ್ವಾರ್ಥಸೂತ್ರದ ಅದೇ ಅಧ್ಯಾಯದಲ್ಲಿ ಪರೀಷಹಗಳಿಗಿಂತ ಮೊದಲು ಐದು ಸಮಿತಿಗಳು, ಅಂದರೆ ಎಚ್ಚರದ ನಡವಳಿಕೆಗಳು, ಬರುತ್ತವೆ. ಯಾವ ಜೀವಕ್ಕೂ ಘಾಸಿಯಾಗದಂತೆ ನೆಲ ನೋಡಿ ನಡೆಯುವುದು ಈರ್ಯಾಸಮಿತಿ. ಅಳೆದು ಹಿತವಾಗಿ ಮಾತಾಡುವುದು ಭಾಷಾಸಮಿತಿ. ದೋಷವಿಲ್ಲದ ಆಹಾರವನ್ನು ಸ್ವೀಕರಿಸುವುದು ಏಷಣಾಸಮಿತಿ. ವಸ್ತುಗಳನ್ನು ಎಚ್ಚರದಿಂದ ಎತ್ತಿ ಇಡುವುದು ಆದಾನನಿಕ್ಷೇಪ, ಮಲಮೂತ್ರಗಳನ್ನು ಯಾರಿಗೂ ಬಾಧೆಯಾಗದ ಕಡೆ ವಿಸರ್ಜಿಸುವುದು ಉತ್ಸರ್ಗ. ಬಹು ಹಿಂದೆ ಅಲೆಮಾರಿ ಮುನಿಗಳಿಗಾಗಿ ಬರೆದ ಈ ಪಟ್ಟಿಯಲ್ಲಿ ಇಂದಿನ ನಗರದ ಜಗಳಗಳೆಲ್ಲ ಹೆಚ್ಚುಕಡಿಮೆ ಅಡಗಿವೆ: ಗಾಡಿ ಓಡಿಸುವ ರೀತಿ, ಫೋನಿನಲ್ಲಿ ಅರಚುವುದು, ಪಾರ್ಕಿಂಗ್, ಖಾಲಿ ಸೈಟಿಗೆ ಎಸೆಯುವ ಕಸ. ಇವುಗಳಲ್ಲಿ ಮೊದಲು ಸಮಿತಿ, ಆಮೇಲೆ ಕ್ಷಮೆ ಮೊದಲಾದ ಹತ್ತು ಧರ್ಮಗಳು, ಅವುಗಳ ನಂತರ ಪರೀಷಹಜಯ. ಈ ಕ್ರಮಕ್ಕೆ ಸೂತ್ರಕಾರ ಇಷ್ಟು ಅರ್ಥ ಉದ್ದೇಶಿಸಿದ್ದನೋ ಇಲ್ಲವೋ ಎಂಬ ಚರ್ಚೆ ಬೇರೆ. ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಅದರ ಮೂಲವೆಂದು ಅದೇ ಗ್ರಂಥ ಹೇಳುವುದರಿಂದ ತರ್ಕವಂತೂ ಸ್ಪಷ್ಟವಾಗಿದೆ. ಬೇಕೆಂದೇ ಮಾಡದಿದ್ದರೂ ಗಮನವಿಲ್ಲದೆ ಇನ್ನೊಬ್ಬರನ್ನು ನೋಯಿಸುವುದು ತಪ್ಪೇ. ತಾವು ಕೊಡುವ ಉಪದ್ರವದ ಲೆಕ್ಕ ನೋಡದವರು ಇನ್ನೊಬ್ಬರ ತಾಳ್ಮೆಯನ್ನು ಅಳೆಯಲು ಅರ್ಹರಲ್ಲ.

ಇದು ಮುನಿಗಳ ಆಚಾರ, ಮಕ್ಕಳನ್ನು ಶಾಲೆಗೆ ಬಿಟ್ಟು ಆಫೀಸಿಗೆ ಓಡುವ ಸಂಸಾರಸ್ಥರಿಗೆ ಅನ್ವಯಿಸುವುದಿಲ್ಲ ಎಂಬ ಆಕ್ಷೇಪವಿದೆ. ಆದರೆ ಅದೇ ಜೈನ ಪರಂಪರೆ ಮುನಿಗೆ ಮಹಾವ್ರತ ಹೇಳಿದಂತೆ ಗೃಹಸ್ಥನಿಗೆ ಅಣುವ್ರತವನ್ನೂ ಹೇಳಿದೆ. ಗೃಹಸ್ಥನಿಗೆ ವ್ರತದ ಅಳತೆ ಕಿರಿದಾಗುತ್ತದೆಯೇ ಹೊರತು ವ್ರತ ರದ್ದಾಗುವುದಿಲ್ಲ. ಇನ್ನೊಂದು ಆಕ್ಷೇಪಕ್ಕೆ ಅಕ್ಕಮಹಾದೇವಿಯ ಆಸರೆ ಉಂಟು. ಬೆಟ್ಟದಲ್ಲಿ ಮನೆ ಮಾಡಿದವರು ಮೃಗಕ್ಕೆ, ಸಮುದ್ರದ ದಡದಲ್ಲಿ ಮನೆ ಮಾಡಿದವರು ತೆರೆಗೆ, ಸಂತೆಯಲ್ಲಿ ಮನೆ ಮಾಡಿದವರು ಶಬ್ದಕ್ಕೆ ಹೆದರಬಾರದೆಂಬ ಅರ್ಥದ ಆ ವಚನವನ್ನು ನಗರದ ಗದ್ದಲಕ್ಕೆ ಒಪ್ಪಿಗೆ ಪತ್ರದಂತೆ ಬಳಸುವುದುಂಟು. ವಚನ ಕೊನೆಗೆ ಬಂದು ನಿಲ್ಲುವುದು ಲೋಕದ ಹೊಗಳಿಕೆ ತೆಗಳಿಕೆಗಳ ಮುಂದೆ ತನ್ನ ಮನಸ್ಸನ್ನು ಹೇಗೆ ಇಟ್ಟುಕೊಳ್ಳಬೇಕೆಂಬಲ್ಲಿ. ಅದು ತೊಂದರೆ ಪಡುವವರು ತಮಗೆ ತಾವೇ ಹೇಳಿಕೊಳ್ಳಬಹುದಾದ ಮಾತು. ಮೇಲಾಗಿ ಮೃಗಕ್ಕೂ ತೆರೆಗೂ ಬುದ್ಧಿ ಹೇಳಲಾಗದು; ಆಸ್ಪತ್ರೆಯ ಮುಂದೆ ಹಾರ್ನ್ ಒತ್ತುವ ಬೆರಳಿಗೆ ಯಜಮಾನನಿದ್ದಾನೆ, ಅವನಿಗೆ ಬುದ್ಧಿಯೂ ಇದೆ. ಪ್ರಕೃತಿ ತಂದದ್ದನ್ನು ತಾಳುವುದಕ್ಕೂ ಮನುಷ್ಯರು ಸುಮ್ಮನೆ ತಂದಿಟ್ಟದ್ದನ್ನು ತಾಳುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ನಮ್ಮ ತಾಳ್ಮೆ ಇನ್ನೊಬ್ಬರ ಪ್ರಮಾದವನ್ನು ಸಾಕುತ್ತದೆ.

ಹಸಿವು ನಿರುದ್ಯೋಗಗಳಿರುವ ನಾಡಿನಲ್ಲಿ ಹಾರ್ನಿನ ಬಗ್ಗೆ ಗೊಣಗುವುದು ಹೊಟ್ಟೆ ತುಂಬಿದವರ ಚಟವೆಂದು ಹಲವರು ಭಾವಿಸುತ್ತಾರೆ. ವಾಸ್ತವ ತಿರುವುಮುರುವಾಗಿದೆ. ಹಣವಿದ್ದವರು ಕಾರಿನ ಗಾಜು ಏರಿಸಿ ಎ.ಸಿ. ಹಾಕಿಕೊಳ್ಳುತ್ತಾರೆ, ಸರದಿಯ ಬದಲು ವಿಶೇಷ ದರ್ಶನದ ಚೀಟಿ ಕೊಳ್ಳುತ್ತಾರೆ. ಎಂಟು ಗಂಟೆ ಅದೇ ಸದ್ದು, ಹೊಗೆಯಲ್ಲಿ ನಿಲ್ಲುವವರು ಸಂಚಾರ ಪೊಲೀಸರು, ತಳ್ಳುಗಾಡಿಯ ವ್ಯಾಪಾರಿಗಳು. ಮನೆಯವರು ಬೇರ್ಪಡಿಸದ ಕಸಕ್ಕೆ ಕೈ ಹಾಕುವವರು ಪೌರಕಾರ್ಮಿಕರು. ಕಿರಿಕಿರಿ ಸಮನಾಗಿ ಹಂಚಿಕೆಯಾಗಿಲ್ಲ, ಅದನ್ನು ಹೊರಹಾಕುವ ಅಧಿಕಾರವೂ ಅಷ್ಟೇ. ಕ್ರೋಧದ ಕುರಿತ ತನ್ನ ಗ್ರಂಥದಲ್ಲಿ ರೋಮಿನ ಸೆನೆಕಾ ವೇಡಿಯಸ್ ಪೋಲಿಯೊ ಎಂಬ ಧನಿಕನ ಪ್ರಸಂಗ ಹೇಳುತ್ತಾನೆ. ಒಂದು ಸ್ಫಟಿಕದ ಬಟ್ಟಲು ಒಡೆದ ತಪ್ಪಿಗೆ ಅವನು ಗುಲಾಮನನ್ನು ಕೊಳದ ಮೀನುಗಳಿಗೆ ಎಸೆಯಲು ಆಜ್ಞೆ ಮಾಡಿದ. ಅತಿಥಿಯಾಗಿದ್ದ ಚಕ್ರವರ್ತಿ ಆಗಸ್ಟಸ್ ಗುಲಾಮನನ್ನು ಬಿಡಿಸಿ, ಉಳಿದ ಬಟ್ಟಲುಗಳನ್ನೂ ಒಡೆಸಿ, ಕೊಳವನ್ನು ಮುಚ್ಚಿಸಿದ. ಕಾರಣ ಸಣ್ಣದು ಎಂಬುದು ಕೋಪವನ್ನು ಸಣ್ಣದಾಗಿಸಲಿಲ್ಲ. ಹೋಟೆಲಿನ ಮಾಣಿಯ ಮೇಲೆ, ಡೆಲಿವರಿ ಹುಡುಗನ ಮೇಲೆ ರೇಗುವಷ್ಟು ಸುಲಭವಾಗಿ ನಾವು ಮೇಲಧಿಕಾರಿಯ ಮೇಲೆ ರೇಗುವುದಿಲ್ಲ. ಆದ್ದರಿಂದ ಇದು ಮನಶ್ಶಾಂತಿಯ ಪ್ರಶ್ನೆಯಾಗಿರುವಷ್ಟೇ ನ್ಯಾಯದ ಪ್ರಶ್ನೆಯೂ ಹೌದು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಕೋಪದ ಪರವಾಗಿ ನಿಲ್ಲುತ್ತದೆ. ಕೋಪವೇ ಬರದಿದ್ದರೆ ಏನೂ ಬದಲಾಗುವುದಿಲ್ಲ. ಕೋಪಿಸಿಕೊಳ್ಳಬೇಕಾದ ಕಡೆ ಕೋಪಿಸಿಕೊಳ್ಳದವನನ್ನು ಅರಿಸ್ಟಾಟಲ್ ಮೂಢನೆಂದೇ ಎಣಿಸಿದ್ದಾನೆ. ಆದರೆ ಅವನೇ ಸರಿಯಾದ ವ್ಯಕ್ತಿಯ ಮೇಲೆ, ಸರಿಯಾದ ಕಾಲಕ್ಕೆ, ಸರಿಯಾದ ಪ್ರಮಾಣದಲ್ಲಿ ಎಂಬ ಷರತ್ತುಗಳನ್ನೂ ಹಾಕಿದ್ದಾನೆ. ಕಿರಿಕಿರಿಯಿಂದ ಹುಟ್ಟಿದ ಕೋಪ ಸೋಲುವುದು ಈ ಷರತ್ತುಗಳಲ್ಲಿ. ಗೀತೆಯ ಎರಡನೆಯ ಅಧ್ಯಾಯ ಕ್ರೋಧದಿಂದ ಮೋಹ, ಮೋಹದಿಂದ ಸ್ಮೃತಿನಾಶ, ಅದರಿಂದ ಬುದ್ಧಿನಾಶ ಎಂಬ ಸರಪಳಿಯನ್ನು ತೋರಿಸುತ್ತದೆ. ದಿನನಿತ್ಯ ನಡೆಯುವುದು ಅದೇ. ಬ್ಯಾಂಕಿನ ಆ್ಯಪ್ ಕೈಕೊಟ್ಟಾಗ ನಾವು ಕೂಗಾಡುವುದು ಆ್ಯಪನ್ನು ಕಂಡರಿಯದ ಕಾಲ್ ಸೆಂಟರಿನ ಹುಡುಗಿಯ ಮೇಲೆ. ಯಾರನ್ನು ಕೇಳಬೇಕಿತ್ತೆಂಬ ನೆನಪೇ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಕೂಗಾಡಿ ಹಗುರಾದವರು ದೂರು ಬರೆಯಲು ಕೂರುವುದೂ ಅಪರೂಪ. ಕೋಪವನ್ನು ಬಿಟ್ಟವರಿಗೇ ದೂರನ್ನು ಕೊನೆಯವರೆಗೆ ಹಿಡಿದು ನಡೆಸುವ ವ್ಯವಧಾನ ಇರುತ್ತದೆ.

ದೂರು ಕೊಡಲು ದಾರಿಗಳೂ ಇವೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಅನಗತ್ಯವಾಗಿ ಹಾರ್ನ್ ಮಾಡಿದರೆ 1,000 ರೂಪಾಯಿ ದಂಡವೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಧ್ವನಿವರ್ಧಕದಿಂದ ಇತರರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಬೇಕೆಂದು ಯಾವ ಧರ್ಮವೂ ವಿಧಿಸಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ತಾಳ್ಮೆಯನ್ನು ಬೋಧಿಸುವ ಪೂಜಾಸ್ಥಳಗಳೇ ಪರರ ತಾಳ್ಮೆ ಪರೀಕ್ಷಿಸುತ್ತಿರುವಾಗ ಈ ಮಾತನ್ನು ನ್ಯಾಯಾಲಯ ಹೇಳಬೇಕಾಗಿ ಬಂದದ್ದು ಧರ್ಮಗಳಿಗೆ ಗೌರವ ತರುವ ವಿಷಯವಲ್ಲ. ಆದರೂ ಪ್ರತಿ ಬೀದಿಯಲ್ಲಿ ಪೊಲೀಸರನ್ನು ನಿಲ್ಲಿಸಲಾಗದು, ಕಾನೂನು ತಲುಪದ ಕಡೆ ಉಳಿಯುವುದು ಸಮಿತಿಯೊಂದೇ. ಇನ್ನೊಬ್ಬರು ಕೊಟ್ಟ ತೊಂದರೆಗೆ ಸಿಡುಕಬೇಡಿ, ಅದನ್ನು ನ್ಯಾಯವೆಂದು ಒಪ್ಪಲೂ ಬೇಡಿ. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ಅದನ್ನು ಮೊದಲು ನಿಮಗೇ ಹೇಳಿಕೊಳ್ಳಿ, ಗಾಡಿಯನ್ನು ಸರಿಸಿ ನಿಲ್ಲಿಸಿ.