ಚಾಕರಿಯನ್ನು ತೊರೆದ ತೋಟಗಾರ

ಸಂಬಳದ ಚಾಕರಿಯನ್ನು ತೊರೆದು, ಸಸಿಗಳನ್ನು ಬೆಳೆಸಿ ಮಾರುವ ಸ್ವಂತ ಉದ್ಯೋಗವನ್ನು ಹಿಡಿಯಬೇಕೆಂಬ ಹಂಬಲವು ಇಂದು ಅನೇಕ ಗೃಹಸ್ಥರಲ್ಲಿ ಮೂಡುತ್ತಿದೆ. ಪರರ ಅಧೀನದ ದುಡಿಮೆ ಕಾಯಕವಲ್ಲ, ತನ್ನ ತೋಟದಲ್ಲಿ ಬೆವರು ಸುರಿಸುವುದೇ ಕಾಯಕವೆಂದು ಕೆಲವರು ವಾದಿಸುವರು. ಈ ವಾದವು ನಿಲ್ಲದು. ಹುಲ್ಲಿನ ಹಗ್ಗವನ್ನು ಹೊಸೆದು ಮಾರಿದ ನುಲಿಯ ಚಂದಯ್ಯನು ಶರಣನಾದಂತೆ, ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರೂ ಶರಣರೇ. ದುಡಿಮೆ ಶುದ್ಧವಾಗಿದ್ದರೆ ಎರಡೂ ಕಾಯಕವೇ.

ಹಾಗಾದರೆ ತೋಟಗಾರನ ಪರೀಕ್ಷೆ ಎಲ್ಲಿ? ಮಾವಿನ ಸಸಿಯನ್ನೇ ನೋಡಿರಿ. ಕಸಿ ಕಟ್ಟಿದ ಗಿಡವು ಮೂರು ನಾಲ್ಕು ವರ್ಷಗಳಲ್ಲಿ ಫಲಕ್ಕೆ ಬರತೊಡಗುವುದು. ಓಟೆಯಿಂದ ಹುಟ್ಟಿದ್ದು ಇನ್ನೂ ಬಹುಕಾಲ ಕಾಯಿಸುವುದು. ತಾಯಿಮರದ ರುಚಿಯೇ ಬರುವುದೆಂಬ ಭರವಸೆಯೂ ಇಲ್ಲ. ರಸಪುರಿಯೆಂದು ಹೇಳಿ ಬೇರೊಂದು ತಳಿಯನ್ನು ಕೊಟ್ಟರೆ, ಎಳೆಯ ಎಲೆಯನ್ನು ನೋಡಿ ಕೊಳ್ಳುವವನು ತಿಳಿಯಲಾರನು. ಮೋಸವು ಬಯಲಾಗುವ ಹೊತ್ತಿಗೆ ಅವನ ಹಲವು ವರ್ಷಗಳ ನೀರು, ಗೊಬ್ಬರ ವ್ಯರ್ಥವಾಗಿರುತ್ತವೆ. ಕಚೇರಿಯಲ್ಲಾದರೂ ಮೇಲಧಿಕಾರಿಯ ಕಣ್ಣಿತ್ತು. ಇಲ್ಲಿ ಅದೂ ಇಲ್ಲ. ಬಯಸಿದ ಸ್ವಾತಂತ್ರ್ಯವು ಇದೇ ತಾನೆ!

ಸಂಬಳ ನಿಂತಾಗ ಅದರ ಬಿಸಿ ಮೊದಲು ತಟ್ಟುವುದು ಅಡುಗೆಮನೆಗೆ. ಆದುದರಿಂದ ಮಡದಿಯ ಸಮ್ಮತಿಯಿಲ್ಲದೆ ಹೆಜ್ಜೆಯಿಡುವುದು ಅನ್ಯಾಯ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ದಿನ, ಅದನ್ನು ಹಿಂದಿರುಗಿಸಿ ಬರಲು ಹೇಳಿದವಳು ಪತ್ನಿ ಲಕ್ಕಮ್ಮ. ಯಾವ ಸಸಿಯನ್ನು ಏನೆಂದು ಹೇಳಿ ಮಾರಿದೆ, ಕೂಲಿಯಾಳಿಗೆ ಎಷ್ಟು ಕೊಟ್ಟೆ ಎಂಬುದನ್ನು ಸಂಜೆ ಮಡದಿಯ ಮುಂದೆ ಅಳುಕದೆ ಹೇಳಬಲ್ಲವನು ಚಾಕರಿಯನ್ನು ಬಿಡಲು ಅಡ್ಡಿಯಿಲ್ಲ. ಮೊದಲ ವರ್ಷದ ಅನ್ನಕ್ಕೆ ಮಾತ್ರ ಮುಂಚೆಯೇ ಏರ್ಪಾಡು ಮಾಡಿಕೊಳ್ಳಲಿ. ಕಸಿ ಸಸಿಯು ಮಾರಾಟಕ್ಕೆ ಸಿದ್ಧವಾಗಲು ತಿಂಗಳುಗಳೇ ಹಿಡಿಯುವುವು.